ಉತಾರದಲ್ಲಿ ಇಲ್ಲದ ಬೆಂಕಿ

ನಮ್ಮ ಗೇರು ತೋಟ ಮಾರಿದ್ದು ಮಳೆಗಾಲದಲ್ಲಿ. ಅಪ್ಪನಿಗೆ ಹಣದ ಅಡಚಣೆ ಬಂದದ್ದು ಏಪ್ರಿಲ್‌ನಲ್ಲೇ. ಆದರೆ ದಲಾಲಿ ಮಾಡುವ ಕಾಕಾ ಒಪ್ಪಲಿಲ್ಲ. ತೋಟದ ಬದುವಿನ ಮೇಲೆ ನಿಂತು, ಸುಟ್ಟು ಕರ್ರಗಾದ ಬೊಡ್ಡೆಗಳನ್ನು ನೋಡಿ, “ಈಗ ಗಿರಾಕಿ ಕರಕೊಂಡು ಬಂದ್ರ ಅರ್ಧ ರೇಟಿಗೆ ಕೇಳ್ತಾರ. ಎರಡ ತಿಂಗಳ ಮಳಿ ಬೀಳಲಿ, ಎಲ್ಲಾ ಹಸಿರಾಗತೈತಿ. ಆಮ್ಯಾಲೆ ತೋರಸೂಣು” ಅಂದರು.

ಕಾಕಾ ಹೇಳಿದ್ದು ಸುಳ್ಳಾಗಲಿಲ್ಲ. ಖಾನಾಪುರ ತಾಲ್ಲೂಕಿನ ಮಳೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಬೂದಿಯೆಲ್ಲ ತೊಳೆದುಹೋಯಿತು. ಜುಲೈನಲ್ಲಿ ಹುಲ್ಲು ಮೊಣಕಾಲಿಗೆ ಬಂತು. ಸತ್ತೇ ಹೋದವು ಅಂದುಕೊಂಡಿದ್ದ ಗೇರಿನ ಬೊಡ್ಡೆಗಳೂ ಬುಡದಿಂದ ಕೆಂಪು ಚಿಗುರು ಬಿಟ್ಟವು. ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಒಂದು ಕುಟುಂಬ ಕಾರಿನಲ್ಲಿ ಬಂತು. ಅವರು ನೀರಿನ ಬಗ್ಗೆ ಕೇಳಿದರು, ದಾರಿಯ ಬಗ್ಗೆ ಕೇಳಿದರು, ಮೊಬೈಲ್ ನೆಟ್‌ವರ್ಕ್ ಸಿಗುತ್ತದೆಯೇ ಎಂದು ನಾಲ್ಕು ಮೂಲೆಗೂ ಹೋಗಿ ನೋಡಿದರು. ಹಾವು, ಕರಡಿ ಬಗ್ಗೆಯೂ ಕೇಳಿದರು. ಬೆಂಕಿಯ ಬಗ್ಗೆ ಕೇಳಲಿಲ್ಲ. ಆ ಹಸಿರಿನ ನಡುವೆ ನಿಂತವರಿಗೆ ಅದು ಹೊಳೆಯುವುದಾದರೂ ಹೇಗೆ? ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

‘ನಾವು’ ಎನ್ನುವಾಗ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. 2005ರ ತಿದ್ದುಪಡಿಯ ನಂತರ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. ಹೀಗಾಗಿ ಕೊಳ್ಳುವವರು ಮಗಳ ಸಹಿ ಇಲ್ಲದೆ ಮುಂದೆ ಹೋಗುವುದಿಲ್ಲ. ನಾನು ಬೆಳಗಾವಿಯ ರೂಮಿನಿಂದ ಬಸ್ ಹಿಡಿದು ಖಾನಾಪುರದ ನೋಂದಣಿ ಕಚೇರಿಗೆ ಹೋಗಿ, ಬೆರಳಚ್ಚು ಕೊಟ್ಟು, ಸಹಿ ಹಾಕಿ ಬಂದೆ. ಸರದಿಗಾಗಿ ಕಾಯುವಾಗ ಖರೀದಿ ಪತ್ರವನ್ನು ಪೂರ್ತಿ ಓದಿದೆ. ಈ ಜಮೀನಿನ ಮೇಲೆ ಸಾಲ ಇಲ್ಲ, ತಕರಾರು ಇಲ್ಲ, ಕೋರ್ಟಿನಲ್ಲಿ ದಾವೆ ಇಲ್ಲ ಎಂದೆಲ್ಲ ಅದರಲ್ಲಿತ್ತು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಜಮೀನು, ದಕ್ಷಿಣಕ್ಕೆ ಬಂಡಿ ದಾರಿ ಎಂದಾದ ಮೇಲೆ ‘ಪಶ್ಚಿಮಕ್ಕೆ: ಅರಣ್ಯ’ ಎಂದು ಬರೆದಿತ್ತು. ಬೆಂಕಿ ಬಂದದ್ದು ಆ ದಿಕ್ಕಿನಿಂದಲೇ.

ಅದು 2023ರ ಮಾರ್ಚ್. ಆ ತಿಂಗಳು ಗಡಿಯಾಚೆ ಗೋವಾದಲ್ಲಿ ಮಹದಾಯಿ ವನ್ಯಜೀವಿ ಧಾಮದ ಗುಡ್ಡಗಳು ದಿನಗಟ್ಟಲೆ ಉರಿದವು. ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯುವುದನ್ನು ನಾವು ಟಿವಿಯಲ್ಲಿ ನೋಡಿದೆವು. ನಮ್ಮದು ಟಿವಿಗೆ ಬರುವಂಥ ಬೆಂಕಿಯಲ್ಲ. ನಂದಗಡದ ಸುತ್ತಿನ ಗುಡ್ಡಗಳಲ್ಲಿ ಶಿವರಾತ್ರಿ ಕಳೆದ ಮೇಲೆ ಎಲ್ಲಾದರೂ ಒಂದು ಕಡೆ ಹೊಗೆ ಏಳುವುದು ನಮಗೆ ಹೊಸದೂ ಅಲ್ಲ. ಯಾರೋ ಹೊಸ ಹುಲ್ಲು ಬರಲಿ ಎಂದು ಬೇಣಕ್ಕೆ ಕಡ್ಡಿ ಗೀರುತ್ತಾರೆ, ಯಾರೋ ಜೇನು ಬಿಡಿಸಲು ಹೋಗಿ ದೊಂದಿ ಎಸೆದು ಬರುತ್ತಾರೆ, ಯಾರೋ ತೋಟದ ತರಗೆಲೆ ಗುಡ್ಡೆ ಹಾಕಿ ಸುಡುತ್ತಾರೆ. ಮಧ್ಯಾಹ್ನದ ಗಾಳಿ ಎದ್ದರೆ ಮುಗಿಯಿತು. ಆ ದಿನ ಅಪ್ಪ, ಅಣ್ಣ, ಪಕ್ಕದ ತೋಟದವರು ಹಸಿ ಟೊಂಗೆ ಮುರಿದು ಬಡಿದೇ ಬಡಿದರು. ಎರಡು ಎಕರೆಯಲ್ಲಿ ಅರ್ಧದಷ್ಟು ಗಿಡ ಹೋದವು. ಹೂ ಮುಗಿದು ಬೀಜ ಕಟ್ಟುವ ಹೊತ್ತು ಅದು. ಆ ವರ್ಷದ ಫಸಲೇ ಇಲ್ಲ ಎಂದಾದಾಗ ಅಪ್ಪ ಮಾರುವ ಮಾತೆತ್ತಿದರು.

ಈಗ ನಾನು ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ಊರಲ್ಲಿ ಇಂದಿಗೂ ತಲಾಠಿ ಎಂದೇ ಕರೆಯುವ ಹುದ್ದೆ ಅದು. ಈ ಪುಟ ಓದುವವರಲ್ಲಿ ಅದೇ ನೋಟ್ಸ್ ಇಟ್ಟುಕೊಂಡು ಕೂತವರು ಬಹಳ ಜನ ಇರಬಹುದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಇತರೆ ಹಕ್ಕು ಮತ್ತು ಋಣ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಸೊಸೈಟಿಯ ಐವತ್ತು ಸಾವಿರದ ಬೆಳೆಸಾಲ ತೀರಿಸದಿದ್ದರೆ ಅದು 11ನೇ ಕಾಲಂನಲ್ಲಿ ಕೂತಿರುತ್ತದೆ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆದರೆ ಹಳೆಯ ಅಡಮಾನವೂ ಕಾಣುತ್ತದೆ. ಜಮೀನಿನ ಮೇಲಿನ ಹಣದ ಹೊರೆಯನ್ನೆಲ್ಲ ನಮ್ಮ ಕಾಗದಗಳು ನೆನಪಿಡುತ್ತವೆ. ಆ ಜಮೀನಿಗೆ ಏನಾಯಿತು ಎಂಬುದನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಯೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಆಸ್ತಿಯಲ್ಲಿದ್ದರೆ ಮಾರುವವನು ಅದನ್ನು ಹೇಳಲೇಬೇಕು. ಹೇಳದೆ ಬಿಟ್ಟರೆ ಅದು ವಂಚನೆ ಎಂದೂ ಅದೇ ಕಲಂ ಹೇಳುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ನನ್ನೊಳಗೇ ವಕೀಲಿ ಶುರುವಾಯಿತು. ಕಾಡಂಚಿನಲ್ಲಿ ಬೆಂಕಿ ಬರುವುದು ಜಮೀನಿನ ‘ದೋಷ’ವೇ? ಪಶ್ಚಿಮಕ್ಕೆ ಅರಣ್ಯ ಎಂದು ಬರೆದ ಮೇಲೆ ಕೊಳ್ಳುವವರು ತಾವೇ ಊಹಿಸಬೇಕಲ್ಲವೇ? ಹೀಗೆ ಎರಡೂ ಕಡೆಗೆ ಎಳೆಯಬಹುದಾದ ಮಾತು ಯಾವ ಖರೀದಿದಾರನನ್ನೂ ಕಾಪಾಡುವುದಿಲ್ಲ. ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಅಲೆದ ಮೇಲೆ ಗೊತ್ತಾಗುವ ಹಕ್ಕು, ಸಹಿ ಹಾಕುವ ಮೇಜಿನ ಮೇಲೆ ಕೆಲಸಕ್ಕೆ ಬರುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಈಗ ಏಕೆ ಮುಖ್ಯವಾಗಿದೆ ಎಂದರೆ ಕೊಳ್ಳುವವರು ಬದಲಾಗಿದ್ದಾರೆ. ಹಿಂದೆ ನಂದಗಡದ ಹೊಲವನ್ನು ನಂದಗಡದವರೋ ಪಕ್ಕದ ಹಳ್ಳಿಯವರೋ ಕೊಳ್ಳುತ್ತಿದ್ದರು. ಯಾವ ಗುಡ್ಡಕ್ಕೆ ಯಾವಾಗ ಬೆಂಕಿ ಬೀಳುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನಗರದವರು ಫಾರ್ಮ್‌ಹೌಸ್, ಹೋಮ್‌ಸ್ಟೇ ಕನಸು ಇಟ್ಟುಕೊಂಡು ಕಾಡಂಚನ್ನೇ ಹುಡುಕಿಕೊಂಡು ಬರುತ್ತಾರೆ. ಬರುವುದು ತಪ್ಪಲ್ಲ. ಆದರೆ ಅವರು ಬರುವುದು ಹಸಿರು ಇರುವಾಗ. 2019ರ ಆಗಸ್ಟ್ ಮಹಾಪೂರದ ನಂತರ ಮಲಪ್ರಭೆಯ ದಂಡೆಗೆ ಜಾಗ ಕೊಳ್ಳುವವರು ‘ನೀರು ಎಲ್ಲೀತನಕ ಬಂದಿತ್ತರೀ’ ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ನೆರೆ ಗೋಡೆಯ ಮೇಲೆ ಗೆರೆ ಬಿಟ್ಟು ಹೋಗುತ್ತದೆ. ಬೆಂಕಿಯ ಗುರುತನ್ನು ಮುಂದಿನ ಮಳೆಯೇ ತೊಳೆದುಬಿಡುತ್ತದೆ.

ಹಾಗೆಂದು ಬೆಂಕಿಯ ಲೆಕ್ಕ ಯಾರ ಬಳಿಯೂ ಇಲ್ಲ ಎಂದಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳ ಮೂಲಕ ಬೆಂಕಿ ಗುರುತಿಸಿ ಅರಣ್ಯ ಸಿಬ್ಬಂದಿಗೆ ಸಂದೇಶ ಕಳಿಸುತ್ತದೆ. ನಾವು ನೀವು ಕೂಡ ನಮ್ಮ ಮೊಬೈಲ್ ನೋಂದಾಯಿಸಿ ಆ ಸಂದೇಶ ಪಡೆಯಬಹುದು. ದೇಶದ ಕಾಡುಗಳನ್ನು 5 ಕಿ.ಮೀ. ಉದ್ದ, 5 ಕಿ.ಮೀ. ಅಗಲದ ಚೌಕಗಳಾಗಿ ಮಾಡಿ, ಎಲ್ಲಿ ಬೆಂಕಿಯ ಅಪಾಯ ಎಷ್ಟು ಎಂದು ಐದು ದರ್ಜೆಯಲ್ಲಿ ವಿಂಗಡಿಸಿದ್ದೂ ಅದೇ ಸಂಸ್ಥೆ. ನಾಸಾದ ಫರ್ಮ್ಸ್ ಜಾಲತಾಣದಲ್ಲಿ ಹಳೆಯ ವರ್ಷಗಳ ಬೆಂಕಿಯ ಕೆಂಪು ಚುಕ್ಕೆಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಾನೂ ನಮ್ಮ ಗುಡ್ಡವನ್ನು ಹುಡುಕಿ ನೋಡಿದೆ. ಚುಕ್ಕೆ ಇತ್ತು. ಆದರೆ ಅದು ನಮ್ಮ ಸರ್ವೆ ನಂಬರಿನ ಮೇಲೆಯೇ ಇದೆಯೋ ಬದುವಿನಾಚೆ ಇದೆಯೋ ಎಂದು ಹೇಳಲಾಗಲಿಲ್ಲ. ಸೂಕ್ಷ್ಮವಾಗಿ ನೋಡುವ ಉಪಗ್ರಹಕ್ಕೂ ಒಂದು ಚುಕ್ಕೆ ಎಂದರೆ 375 ಮೀಟರ್ ಜಾಗ. ಉಪಗ್ರಹ ತಲೆಯ ಮೇಲೆ ಹಾಯುವ ಹೊತ್ತಿಗೆ ಉರಿಯದ ಹುಲ್ಲಿನ ಬೆಂಕಿ ಅದಕ್ಕೆ ಕಾಣದೆಯೂ ಹೋಗಬಹುದು. ಹಾಗಾಗಿ ಆಕಾಶದ ಲೆಕ್ಕದ ಜೊತೆಗೆ ನೆಲದ ಮೇಲೆ ಒಂದು ಪಂಚನಾಮೆಯೂ ಬೇಕು.

ತೊಡಕು ಇರುವುದು ಇಲ್ಲಿಯೇ. ಪಂಚನಾಮೆಗೆ ಯಾರೂ ಕರೆಯುವುದಿಲ್ಲ. ನಾವೂ ಕರೆಯಲಿಲ್ಲ. ಸರ್ಕಾರದ ಪರಿಹಾರ ನಿಯಮಗಳಲ್ಲಿ ನೆರೆ, ಬರ, ಆಲಿಕಲ್ಲುಗಳ ಜೊತೆ ಬೆಂಕಿಯೂ ವಿಪತ್ತು ಎಂದು ಪಟ್ಟಿಯಲ್ಲಿದೆ. ಅರ್ಜಿ ಹಾಕಬಹುದಿತ್ತು. ಆದರೆ ‘ಬೆಂಕಿ ಯಾರು ಹಚ್ಚಿದರು’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಕಾಡಿಗೆ ಬೆಂಕಿ ಇಡುವುದು ಅರಣ್ಯ ಕಾಯ್ದೆಯಡಿ ಅಪರಾಧ. ಕಡ್ಡಿ ಗೀರಿದವರು ಹೆಚ್ಚಾಗಿ ನಮ್ಮವರೇ ಆಗಿರುತ್ತಾರೆ. ಒಂದು ಅರ್ಜಿಯಿಂದ ಪಕ್ಕದ ಓಣಿಯವರ ಮೇಲೆ ಕೇಸು ಬಿದ್ದರೆ ಊರಲ್ಲಿ ಬಾಳುವುದು ಹೇಗೆ? ಅಪ್ಪ ಹೇಳಿದ್ದು ಇಷ್ಟೇ: “ಸುಟ್ಟದ್ದು ಸುಟ್ಟು ಹೋತು. ಬಾಯಿ ಬಿಟ್ರ ಮತ್ತೊಂದು ಸುಡತೈತಿ.” ಹೀಗೆ ಬೆಂಕಿ ಮೊದಲು ನೆರೆಹೊರೆಯ ಸಲುವಾಗಿ ಮುಚ್ಚಿಹೋಗುತ್ತದೆ. ದರದ ಸಲುವಾಗಿ ಮುಚ್ಚುವುದು ಆಮೇಲಿನ ಮಾತು.

ಮುಚ್ಚಿಡುವುದರಿಂದ ರೈತರಿಗೆ ಲಾಭ ಎಂದು ಯಾರಾದರೂ ತಿಳಿದಿದ್ದರೆ, ನಮ್ಮ ಬದುವಿಗೆ ಹತ್ತಿದ ತೋಟದ ಅಜ್ಜಿಯ ಕಥೆ ಕೇಳಬೇಕು. ಅಜ್ಜಿಗೆ ಮಳೆಗಾಲದವರೆಗೆ ಕಾಯುವ ತಾಕತ್ತು ಇರಲಿಲ್ಲ. ಏಪ್ರಿಲ್‌ನಲ್ಲೇ ಒಬ್ಬರು ಬಂದು, ಸುಟ್ಟ ಜಮೀನು, ಇನ್ನು ಹತ್ತು ವರ್ಷ ಏನೂ ಬರುವುದಿಲ್ಲ ಎಂದು ಹೆದರಿಸಿ ಕೊಂಡರು. ನಮಗೆ ಸಿಕ್ಕ ದರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ದಸರೆಯ ಹೊತ್ತಿಗೆ ಅದೇ ತುಂಡು ಹಸಿರು ಹೊದ್ದುಕೊಂಡು ಇನ್ನೊಬ್ಬರ ಹೆಸರಿಗೆ ಹೋಯಿತು. ಒಂದೇ ಬೆಂಕಿಯನ್ನು ಬೇಸಿಗೆಯಲ್ಲಿ ದೊಡ್ಡದು ಮಾಡಿ ಹೇಳಿ ಅಜ್ಜಿಯಿಂದ ಕೊಂಡರು, ಮಳೆಗಾಲದಲ್ಲಿ ಇಲ್ಲವೆನಿಸಿ ಬೇರೆಯವರಿಗೆ ಮಾರಿದರು. ನಡುವಿನವರಿಗೆ ಎರಡು ಸಲವೂ ಲಾಭ.

ಇಂಥ ವ್ಯಾಪಾರ ನಮ್ಮಲ್ಲಿ ಮಾತ್ರ ನಡೆಯುವುದಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಸಾವಿರಾರು ಮನೆಗಳು ಸುಟ್ಟಾಗ, ಬೂದಿ ಆರುವ ಮೊದಲೇ ಜಾಗ ಕೇಳಿಕೊಂಡು ಬರುವವರು ಶುರುವಾದರು. ಕ್ಯಾಲಿಫೋರ್ನಿಯಾದ ಗವರ್ನರ್ ಆದೇಶ ಹೊರಡಿಸಿ, ಸುಟ್ಟ ಪ್ರದೇಶಗಳಲ್ಲಿ ಮಾಲೀಕರು ಕೇಳದಿದ್ದರೂ ಹೋಗಿ ಬೆಂಕಿಗೆ ಮುಂಚಿನ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಜಾಗ ಕೇಳುವುದನ್ನು ಮೂರು ತಿಂಗಳ ಮಟ್ಟಿಗೆ ನಿಷೇಧಿಸಿದರು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಅದೇ ರಾಜ್ಯದಲ್ಲಿ 1998ರಿಂದ, ಬೆಂಕಿ ಅಪಾಯದ ವಲಯದಲ್ಲಿ ಮನೆ ಮಾರುವವರು ಆ ವಿಷಯವನ್ನು ನಿಗದಿತ ನಮೂನೆಯಲ್ಲಿ ಬರೆದು ಕೊಡಬೇಕು. ಒಪ್ಪಂದದ ನಂತರ ತಡವಾಗಿ ಕೊಟ್ಟರೆ, ಕೈಗೆ ತಲುಪಿದ ಮೂರು ದಿನದೊಳಗೆ ಕೊಳ್ಳುವವರು ಹಿಂದೆ ಸರಿಯಬಹುದು. 2021ರಿಂದ ಇನ್ನೊಂದು ಸೇರಿದೆ. ಅಪಾಯ ಹೆಚ್ಚಿರುವ ಕಡೆ ಮನೆಯ ಸುತ್ತ ಒಣಹುಲ್ಲು, ಪೊದೆ ತೆಗೆದಿದೆಯೇ ಎಂಬುದರ ದಾಖಲೆಯೂ ಬೇಕು. ಕಾಗದ ಇದ್ದ ಮಾತ್ರಕ್ಕೆ ಜೀವ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. 2018ರಲ್ಲಿ ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಕಾಳ್ಗಿಚ್ಚಿನಲ್ಲಿ 85 ಜನ ಸತ್ತದ್ದು ಇದೇ ರಾಜ್ಯದಲ್ಲಿ.

ನನಗೆ ಹೆಚ್ಚು ಹಿಡಿಸಿದ್ದು ಇಟಲಿಯ ನಿಯಮ. ಅಲ್ಲಿ 2000ನೇ ಇಸವಿಯ 353ನೇ ಕಾನೂನಿನ ಪ್ರಕಾರ, ಬೆಂಕಿ ಬಿದ್ದ ಕಾಡು ಮತ್ತು ಹುಲ್ಲುಗಾವಲನ್ನು 15 ವರ್ಷ ಬೇರೆ ಬಳಕೆಗೆ ಬದಲಾಯಿಸುವಂತಿಲ್ಲ. ಆ 15 ವರ್ಷದೊಳಗೆ ಅಂಥ ಜಾಗ ಮಾರಿದರೆ ಈ ನಿರ್ಬಂಧವನ್ನು ಮಾರಾಟ ಪತ್ರದಲ್ಲಿ ಬರೆಯಲೇಬೇಕು, ಬರೆಯದಿದ್ದರೆ ಪತ್ರವೇ ಅಸಿಂಧು. ಸುಟ್ಟ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಗಳೇ ಇಡಬೇಕು. ಕಟ್ಟುವ ಆಸೆಗೆ ಸುಡುವವರನ್ನು ತಡೆಯುವುದು ಆ ಕಾನೂನಿನ ಉದ್ದೇಶ. ಅದನ್ನು ಹಾಗೆಯೇ ಎತ್ತಿ ತಂದು ಖಾನಾಪುರದಲ್ಲಿ ನೆಡಬೇಕೆಂದು ನಾನು ಕೇಳುತ್ತಿಲ್ಲ. ಬಳಕೆಯ ನಿರ್ಬಂಧ ನಮಗೆ ಬೇಡ, ಮಾರಾಟ ಪತ್ರದಲ್ಲಿ ಬರೆಯುವ ಭಾಗ ಸಾಕು.

ಬೇಡ ಎನ್ನುವುದಕ್ಕೆ ಕಾರಣ ಇದೆ. ನಮ್ಮ ತಾಲ್ಲೂಕಿನವರಿಗೆ ಉತಾರದಲ್ಲಿ ಕಾಡಿನ ಹೆಸರು ಬಂತೆಂದರೆ ಎದೆ ಧಸಕ್ಕೆನ್ನುತ್ತದೆ. ಒಂದು ಕಡೆ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮ, ಇನ್ನೊಂದು ಕಡೆ ಕಸ್ತೂರಿರಂಗನ್ ವರದಿಯ ಮೇಲೆ ಮತ್ತೆ ಮತ್ತೆ ಬರುವ ಕರಡು ಅಧಿಸೂಚನೆ. 2024ರ ಜುಲೈನಲ್ಲಿ ಬಂದದ್ದು ಆರನೆಯದು. ಇವುಗಳ ನಡುವೆ ‘ಬೆಂಕಿಪೀಡಿತ’ ಎಂದು ಒಂದು ಸಾಲು ಬರೆಸಿಕೊಳ್ಳಿ ಎಂದರೆ, ನಾಳೆ ಅದನ್ನೇ ತೋರಿಸಿ ನಮ್ಮನ್ನು ಎಬ್ಬಿಸುತ್ತಾರೆ ಎಂದು ಜನ ಹೆದರುತ್ತಾರೆ. ಆ ಹೆದರಿಕೆ ಮೂರ್ಖತನವಲ್ಲ. ದರ ಬೀಳುತ್ತದೆ ಎಂಬ ಮಾತೂ ನಿಜವೇ. ಎಲ್ಲರೂ ಹೇಳಿದ್ದರೆ ನಮ್ಮ ತೋಟಕ್ಕೂ ಅಷ್ಟು ದರ ಬರುತ್ತಿರಲಿಲ್ಲ. ನನ್ನ ಕೋಚಿಂಗ್ ಫೀ ಬಂದದ್ದು ಆ ಹಣದಿಂದಲೇ. ಇದನ್ನು ಮರೆಮಾಚಿ ಲೇಖನ ಬರೆದರೆ ಅದೂ ಇನ್ನೊಂದು ಖರೀದಿ ಪತ್ರವೇ ಆದೀತು.

ಆದ್ದರಿಂದ ನಾನು ಕೇಳುವುದು ಬಹಳ ಸಣ್ಣದು. ಬೆಂಕಿ ಬಿದ್ದ ಖಾಸಗಿ ಜಮೀನಿಗೆ ದಿನಾಂಕ ಮತ್ತು ಸುಟ್ಟ ವಿಸ್ತೀರ್ಣ, ಇವೆರಡನ್ನೇ ಬರೆಯುವ ಪಂಚನಾಮೆ ಆಗಲಿ. ಯಾರು ಹಚ್ಚಿದರು ಎಂಬ ತನಿಖೆ ಅದರ ಜೊತೆ ಗಂಟು ಬೀಳದಿರಲಿ, ಅದಕ್ಕೆ ಅರಣ್ಯ ಇಲಾಖೆಯ ದಾರಿ ಬೇರೆ ಇದೆ. ಆ ಸಾಲು ಪಹಣಿಯ 11ನೇ ಕಾಲಂನಲ್ಲಿ ಹತ್ತು ಹದಿನೈದು ವರ್ಷ ಇದ್ದು ತಾನಾಗಿ ಅಳಿಸಿಹೋಗಲಿ. ಅದರಿಂದ ಮಾಲೀಕತ್ವಕ್ಕಾಗಲಿ ಬೇಸಾಯಕ್ಕಾಗಲಿ ಯಾವ ಧಕ್ಕೆಯೂ ಇಲ್ಲ ಎಂದು ಆದೇಶದಲ್ಲೇ ಸ್ಪಷ್ಟವಾಗಿ ಬರೆಯಲಿ. ಖರೀದಿ ಪತ್ರದಲ್ಲಿ ಸಾಲ ಇಲ್ಲ, ತಕರಾರು ಇಲ್ಲ ಎನ್ನುವ ಜಾಗದಲ್ಲಿ ‘ಕಳೆದ ಇಷ್ಟು ವರ್ಷಗಳಲ್ಲಿ ಬೆಂಕಿ ಬಿದ್ದಿದೆ / ಬಿದ್ದಿಲ್ಲ’ ಎಂಬ ಇನ್ನೊಂದು ಸಾಲು ಸೇರಲಿ. ಬಿದ್ದಿದ್ದರೆ ಬಿದ್ದಿದೆ ಎಂದು ಬರೆದ ರೈತನಿಗೂ ಇದರಿಂದ ರಕ್ಷಣೆ ಇದೆ. ಮುಂದೆ ಯಾರೂ ಅವನ ಮೇಲೆ 55ನೇ ಕಲಂ ಹಿಡಿದುಕೊಂಡು ಕೋರ್ಟಿಗೆ ಹೋಗಲಾರರು. ಅಜ್ಜಿಯಂಥವರಿಗೂ ಒಂದು ಆಧಾರ ಸಿಗುತ್ತದೆ. ಹತ್ತು ವರ್ಷದ ಹಿಂದೆಯೂ ಒಮ್ಮೆ ಸುಟ್ಟು, ಎರಡೇ ವರ್ಷದಲ್ಲಿ ಮತ್ತೆ ಫಸಲು ಕೊಟ್ಟ ಜಮೀನಿದು ಎಂದು ಅವರು ತೋರಿಸಬಹುದು.

ನಂದಗಡಕ್ಕೆ ಬಂದವರು ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರ ನೋಡದೆ ಹೋಗುವುದಿಲ್ಲ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ಇದೇ ಊರಲ್ಲಿ. ಕಂಪನಿ ಸರ್ಕಾರದ ಕಚೇರಿಗಳಿಗೆ ಬೆಂಕಿ ಇಟ್ಟವನು ಅವನು. ಜಮೀನಿನ ಕಾಗದ ಸರಿಯಿಲ್ಲದಿದ್ದರೆ ಬಡವರ ಬದುಕು ಏನಾಗುತ್ತದೆ ಎಂಬುದು ನಮ್ಮೂರಿಗೆ ಹೊಸ ಪಾಠವಲ್ಲ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ತೋಟದ ಕಡೆ ನಡೆದುಹೋದೆ. ಪಶ್ಚಿಮದ ಬದುವಿಗೆ ಹತ್ತಿಕೊಂಡೇ ಕಟ್ಟಿಗೆಯ ಕಾಟೇಜ್ ಏಳುತ್ತಿದೆ. ಮೇಲೆ ಹುಲ್ಲಿನ ಛಾವಣಿ, ನೋಡಲು ಚೆನ್ನಾಗಿಯೇ ಇದೆ. ಸುತ್ತ ಎದೆಯುದ್ದ ಹುಲ್ಲು ಒಣಗಲು ಶುರುವಾಗಿತ್ತು. ಮನೆಗೆ ಬಂದು ಖರೀದಿ ಪತ್ರದ ಜೆರಾಕ್ಸ್ ತೆಗೆದು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನಾನು ಯಾರು ಎಂದು ಹೇಳಿ, 2023ರ ಮಾರ್ಚ್‌ನಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಇದನ್ನ ಅವತ್ತ ಯಾಕ ಹೇಳಲಿಲ್ರೀ?” ಅಂದರು. ‘ನೀವು ಕೇಳಲಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಆಡಲಿಲ್ಲ. “ತಪ್ಪಾತ್ರೀ” ಅಂದೆ. ಆಮೇಲೆ ಅವರು, “ಈಗೇನು ಮಾಡಬೇಕು ಹೇಳ್ರಿ. ಹುಲ್ಲು ಎಷ್ಟು ದೂರದತನಕ ತಗೀಬೇಕು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪ ಬಂದು ಫೋನ್ ಇಸಕೊಂಡರು. “ಸಾಹೇಬ್ರ, ಕಾಡಿನ ಕಡೆ ಬದುವಿಗೆ ಮೊದಲು ಹುಲ್ಲು ಕೊಯ್ಸರಿ, ಸಂಕ್ರಾಂತಿ ಒಳಗ ಮುಗಿಸಬೇಕು. ಛಾವಣಿಗೆ ಹುಲ್ಲು ಬ್ಯಾಡ, ಹಂಚು ಹಾಕ್ರಿ. ರವಿವಾರ ನಾನ ಬರ್ತೀನಿ...”